ಬಣ್ಣ ಹಾಕದ ನೂಲು ಹುಡುಕಿ ಬೆಟ್ಟ ಹತ್ತಿದ್ದು

ಅರಸೀಕೆರೆ

ನೇಪಾಳಕ್ಕೆ ಹೋಗಿದ್ದೆವು ಅಂದ ಕೂಡಲೇ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಪಶುಪತಿನಾಥನ ದರ್ಶನ ಆಯಿತೇ, ಎವರೆಸ್ಟ್ ಕಂಡಿತೇ ಎಂದು. ಎರಡೂ ಆಗಲಿಲ್ಲ. ನಾವು ಹೋದದ್ದು ನೂಲು ತರುವುದಕ್ಕೆ. ನೂಲಿಗೋಸ್ಕರ ಯಾರಾದರೂ ದೇಶ ದಾಟುತ್ತಾರೆಯೇ ಎಂದು ಕೇಳಿದವರಿಗೆ ನನ್ನ ತಂಗಿಯ ವಿಷಯ ಹೇಳಬೇಕಾಗುತ್ತದೆ.

ತಂಗಿ ಯಶೋಧರೆ, ನಮಗೆಲ್ಲ ಯಶು, ಬೇಲೂರಿನಲ್ಲಿದ್ದಾಳೆ. ಮನೆಯ ಹಿಂದಿನ ಶೀಟು ಹೊದಿಸಿದ ಕೋಣೆಯಲ್ಲಿ ಕೈಮಗ್ಗ ಇಟ್ಟುಕೊಂಡು ಬಟ್ಟೆ ನೇಯುತ್ತಾಳೆ, ಅದರಲ್ಲೇ ಕುರ್ತಾ, ರವಿಕೆ, ಹಸುಗೂಸುಗಳ ಅಂಗಿ ಹೊಲಿಯುತ್ತಾಳೆ. ನಾನು ಅರಸೀಕೆರೆಯಿಂದ ದಿನಾ ಬಸ್ಸಿನಲ್ಲಿ ಜಾವಗಲ್ಲಿಗೆ ಹೋಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಕೆಲವು ವರ್ಷಗಳ ಹಿಂದೆ ನೀಲಿ ನೂಲು ಸುತ್ತುತ್ತಿದ್ದಾಗ ಯಶುವಿನ ಬೆರಳ ಸಂದುಗಳು ಒಡೆದು ನೀರಾಡಿದವು. ಆಮೇಲೆ ಯಾವ ಬಣ್ಣದ ನೂಲು ಮುಟ್ಟಿದರೂ ಕೈ ಊದಿಕೊಳ್ಳತೊಡಗಿತು. ಹಾಸನದ ಚರ್ಮದ ಡಾಕ್ಟರು ನೇಯ್ಗೆ ಬಿಟ್ಟುಬಿಡಿ ಎಂದರು. ಅವಳು ಬಣ್ಣ ಬಿಟ್ಟಳು, ನೇಯ್ಗೆ ಬಿಡಲಿಲ್ಲ.

ಬಣ್ಣ ಬಿಟ್ಟ ಮೇಲೂ ಕಷ್ಟ ತಪ್ಪಲಿಲ್ಲ. ಕಂಬಳಿಯ ಕುರಿ ಉಣ್ಣೆ ಅವಳ ಮೈಗೆ ಚುಚ್ಚುತ್ತಿತ್ತು. ಮಿಲ್ಲಿನ ಹತ್ತಿ ನೂಲಿಗೆ ಏನೇನೋ ಗಂಜಿ, ಎಣ್ಣೆ ಸವರಿರುತ್ತಾರೆ. ಒಂದು ಸಲ ಅಂಥ ನೂಲು ಮುಟ್ಟಿ ಮುಖವೆಲ್ಲ ಊದಿ, ಹಾಸನಕ್ಕೆ ಹೋಗುವ ದಾರಿಯಲ್ಲಿ ಉಸಿರು ಸಿಕ್ಕಿಕೊಂಡಿತ್ತು. ಆ ದಿನ ನಾನು ಜೊತೆಯಲ್ಲಿರಲಿಲ್ಲ. ಅಂದಿನಿಂದ ಅವಳ ಗಂಡ ಚಂದ್ರುವಿನ ಹೆಸರು ಫೋನಿನಲ್ಲಿ ಮೂಡಿದರೆ ಸಾಕು, ಎತ್ತುವ ಮೊದಲೇ ನಾನು ಚಪ್ಪಲಿ ಮೆಟ್ಟುತ್ತೇನೆ.

ಮೈಸೂರಿನ ಒಂದು ಕೈಮಗ್ಗದ ಪ್ರದರ್ಶನದಲ್ಲಿ ಅವಳಿಗೆ ನೇಪಾಳದ ಶಾಲು ಕಂಡಿತು. ಒಣಹುಲ್ಲಿನ ಬಣ್ಣ, ಮುಟ್ಟಿದರೆ ಲಿನನ್ ಹಾಗೆ. ಅದು ಕಾಡಿನ ತುರಚಿ ಗಿಡದ ನಾರಿನಿಂದ ಮಾಡಿದ್ದೆಂದು ಅಂಗಡಿಯವರು ಹೇಳಿದಾಗ ಅವಳು ನಂಬಲಿಲ್ಲ. ಬಿಕ್ಕೋಡಿನ ಕಾಫಿ ತೋಟಗಳ ಬೇಲಿಯಲ್ಲಿ ಬೆಳೆಯುವ ತುರಚಿ ತಗುಲಿದರೆ ಆಳುಗಳು ಗಂಟೆಗಟ್ಟಲೆ ಕೆರೆದುಕೊಳ್ಳುವುದನ್ನು ನೋಡಿದವಳು. ಆದರೂ ಶಾಲನ್ನು ಇಡೀ ದಿನ ಕುತ್ತಿಗೆಗೆ ಸುತ್ತಿಕೊಂಡಿದ್ದಳು. ಏನೂ ಆಗಲಿಲ್ಲ. ಬೇಯಿಸಿ, ಬಡಿದು, ತೊಳೆದ ಮೇಲೆ ಗಿಡದ ತುರಿಸುವ ಮುಳ್ಳು ಉಳಿಯುವುದಿಲ್ಲವಂತೆ. ಆ ನೂಲು ತೆಗೆಯುವ ಊರಿಗೇ ಹೋಗಿ, ಕೈಯಲ್ಲಿ ಹಿಡಿದು ನೋಡಿ ಆರಿಸಿ ತರುತ್ತೇನೆ ಎಂದು ಹಟ ಹಿಡಿದಳು. ಚಂದ್ರು ನನ್ನ ಹತ್ತಿರ ಬಂದು, ಒಬ್ಬಳನ್ನೇ ಕಳಿಸಲು ಧೈರ್ಯವಿಲ್ಲ, ನೀವು ಜೊತೆಗೆ ಹೋಗಿ ಎಂದ. ಇಬ್ಬರಲ್ಲಿ ಹೆಚ್ಚು ಹೆದರುವವಳು ನಾನೇ ಎಂಬುದು ಅವನಿಗೂ ಗೊತ್ತಿತ್ತು.

ದಸರಾ ರಜೆ ಬಂದಿತ್ತು. ಹೊರಟೆವು.

ಕಾಠ್ಮಂಡು

ಯಶು ನೂಲು ಆರಿಸುವುದನ್ನು ನಾನು ಸರಿಯಾಗಿ ನೋಡಿದ್ದು ಕಾಠ್ಮಂಡುವಿನ ಹಳೇ ಪೇಟೆಯಲ್ಲಿ. ಮೊದಲು ಮೂಸುತ್ತಾಳೆ. ಒದ್ದೆ ಮಾಡಿದ ಬಿಳಿ ಕರ್ಚೀಫಿನಿಂದ ಎಳೆಯನ್ನು ಉಜ್ಜುತ್ತಾಳೆ. ಒಂದು ತುಣುಕನ್ನು ಸುಟ್ಟು ನೋಡುತ್ತಾಳೆ. ಕಾಗದ ಸುಟ್ಟ ವಾಸನೆಯಾದರೆ ಗಿಡದ ನಾರು, ಕೂದಲು ಸುಟ್ಟ ಹಾಗಿದ್ದರೆ ಉಣ್ಣೆ, ಕರಗಿ ಗಂಟಾದರೆ ಕಲಬೆರಕೆ. ಎಲ್ಲ ಸರಿಯಿದ್ದರೆ ಮೊಣಕೈಯ ಒಳಬದಿಗೆ ಒಂದೆಳೆ ಕಟ್ಟಿಕೊಂಡು ಕಾಯುತ್ತಾಳೆ.

ಅಲ್ಲಿನ ಅಂಗಡಿಯವರು ನಮ್ಮ ಹಾಸನದವರಂತಲ್ಲ. ಕೊಂಡರೂ ಬಿಟ್ಟರೂ ಚಹಾ ಕೊಟ್ಟು ಕೂರಿಸುತ್ತಾರೆ. ಹಾಗೆ ಕೂರಿಸಿದ ಒಬ್ಬ ಹಿರಿಯರ ಅಂಗಡಿಯಲ್ಲಿ ಇವಳು ಬೆಂಕಿಕಡ್ಡಿ ಗೀರಿದಳು. ಸುತ್ತ ನೆಲದಿಂದ ಸೂರಿನವರೆಗೆ ನೂಲು. ಅವರು ಚಹಾದ ಲೋಟವನ್ನೇ ಕಡ್ಡಿಯ ಮೇಲೆ ಸುರಿದುಬಿಟ್ಟರು. ಆಮೇಲೆ ತಾವೇ ನಕ್ಕು, ಬೀದಿಗೆ ಹೋಗಿ ಸುಡಿ ಎಂದು ಕೈಸನ್ನೆ ಮಾಡಿದರು.

ಬಣ್ಣವೇ ಹಾಕಿಲ್ಲ ಎಂದು ಇನ್ನೊಂದು ಅಂಗಡಿಯಲ್ಲಿ ಕೊಟ್ಟ ನೂಲು ಕರ್ಚೀಫಿನ ಮೇಲೆ ಚಹಾದಂಥ ಗೆರೆ ಬಿಟ್ಟಿತು. "ನೋಡಕ್ಕ, ಬಣ್ಣ ಬಿಡ್ತೈತೆ. ಹಳೇದಿದ್ದಂಗೆ ಕಾಣ್ಲಿ ಅಂತ ಅದ್ದವ್ರೆ" ಎಂದಳು. ಅಷ್ಟರಲ್ಲಿ ಹಿಂದಿನ ಅಂಗಡಿಯಲ್ಲಿ ಮೊಣಕೈಗೆ ಕಟ್ಟಿದ್ದ ಎಳೆಯ ಸುತ್ತ ಚರ್ಮ ಕೆಂಪಗೆ ಉಬ್ಬಿತ್ತು. ಅವಳು ಎಳೆ ಕಿತ್ತು, ನೀರಲ್ಲಿ ತೊಳೆದು, ಮಾತ್ರೆ ನುಂಗಿ, ಮುಂದಿನ ಅಂಗಡಿಗೆ ನಡೆದಳು. ನಾನು ಹಿಂದೆಯೇ ನಡೆಯುತ್ತ ಅವಳ ಕುತ್ತಿಗೆಯನ್ನೂ ಕಿವಿಯನ್ನೂ ನೋಡುತ್ತಿದ್ದೆ. ಪೇಟೆಯ ಗಂಟೆ, ಧೂಪ, ಜನ ಯಾವುದೂ ನನಗೆ ಕಾಣಲಿಲ್ಲ. ವಾಪಸ್ಸು ಹೋಗೋಣ ಎಂದೆ. ಇಷ್ಟು ದೂರ ಬಂದು ಪೇಟೆಯ ನೂಲು ನೋಡಿಕೊಂಡು ಹೋಗುವುದೇ ಎಂದು ಅವಳು ಮಾತು ಮುಗಿಸಿದಳು.

ಉಳಿದುಕೊಂಡಿದ್ದ ಮನೆಯ ಒಡತಿ ನಮ್ಮ ಮತ ಯಾವುದೆಂದು ಕೇಳಿದಾಗ ಬೌದ್ಧರು ಎಂದೆ. ಆಕೆಗೆ ಬಹಳ ಸಂತೋಷವಾಗಿ, ನಿಮ್ಮ ಲಾಮಾ ಯಾರು ಎಂದರು. ಲಾಮಾ ಇಲ್ಲ, ಮನೆಯಲ್ಲಿ ಬುದ್ಧನ ಪಟವಿದೆ, ಹುಣ್ಣಿಮೆಗೆ ಎಲ್ಲರೂ ಸೇರಿ ವಂದನೆ ಹೇಳಿ ಪಾಯಸ ಮಾಡುತ್ತೇವೆ ಎಂದೆ. ಲಾಮಾ ಇಲ್ಲದೆ ಇಷ್ಟು ದೂರ ಬಂದಿದ್ದೀರಲ್ಲ ಎಂದು ಆಕೆ ನಮ್ಮಿಬ್ಬರ ಕೈಗೂ ದಾರ ಕಟ್ಟಲು ಬಂದರು. ದಾರ ಕೆಂಪಾಗಿತ್ತು. ಯಶು ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಆಕೆಗೆ ಬೇಸರವಾಯಿತು, ವಿವರಿಸುವಷ್ಟು ಹಿಂದಿ ನನ್ನ ಬಾಯಿಗೆ ಬರಲಿಲ್ಲ.

ತುಮ್ಲಿಂಗ್‌ಟಾರ್

ಅರುಣ್ ನದಿಯ ದಂಡೆಯ ಆ ಊರಿಗೆ ಹೋಗುವ ವಿಮಾನ ನಮ್ಮ ಖಾಸಗಿ ಬಸ್ಸಿಗಿಂತ ಚಿಕ್ಕದು. ದಸರಾ ಅಲ್ಲೂ ದೊಡ್ಡ ಹಬ್ಬ, ಅದಕ್ಕೆ ಊರಿಗೆ ಹೊರಟವರು ಕೋಳಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಂದಿದ್ದರು. ಹೊರಡುವ ಮೊದಲು ಒಬ್ಬ ಹುಡುಗಿ ತಟ್ಟೆಯಲ್ಲಿ ಪೆಪ್ಪರ್‌ಮೆಂಟು ಮತ್ತು ಹತ್ತಿಯ ಉಂಡೆ ತಂದಳು. ಹತ್ತಿ ಕಿವಿಗೆ ಇಟ್ಟುಕೊಳ್ಳಲು. ಯಶು ಅದನ್ನು ಬಿಡಿಸಿ ಬೆರಳಿನಲ್ಲಿ ಹೊಸೆದು, ಎಳೆ ಗಿಡ್ಡ, ನೂಲಿಗೆ ಬಾರದು ಎಂದಳು. ವಿಮಾನ ಎರಡು ಬೆಟ್ಟಗಳ ನಡುವೆ ವಾಲಿದಾಗ ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. ಇಳಿದ ಮೇಲೂ ಬಿಡಲಿಲ್ಲ ಎಂದು ಅವಳೇ ಬಿಡಿಸಿಕೊಂಡಳು.

ಅಲ್ಲಿ ನಮ್ಮನ್ನು ಕರೆದೊಯ್ಯಲು ಮನಮಾಯಾ ರಾಯ್ ಬಂದಿದ್ದಳು. ನೂಲು ತೆಗೆಯುವ ಹೆಂಗಸರ ಗುಂಪಿನವಳು. ಮೈಸೂರಿನ ಪ್ರದರ್ಶನದವರು ಅವಳ ನಂಬರು ಕೊಟ್ಟಿದ್ದರು. ಸಿಲಿಗುರಿಯಲ್ಲಿ ಕೆಲವು ಕಾಲ ಕೆಲಸ ಮಾಡಿದ್ದರಿಂದ ಅವಳಿಗೆ ನನಗಿಂತ ಚೆನ್ನಾಗಿ ಹಿಂದಿ ಬರುತ್ತಿತ್ತು. ಜೀಪು ಕೆಂಪು ಮಣ್ಣಿನ ರಸ್ತೆಯಲ್ಲಿ ಹೊಳೆಯ ದಂಡೆಯವರೆಗೆ ಬಂದು ನಿಂತಿತು. ಹೆಲ್ತ್ ಪೋಸ್ಟು ಎಂಬ ಪುಟ್ಟ ಸರಕಾರಿ ಆಸ್ಪತ್ರೆ, ಎರಡು ಅಂಗಡಿ, ಅಲ್ಲಿಗೆ ರಸ್ತೆ ಮುಗಿಯಿತು. ಆಚೆ ದಡದ ಬೆಟ್ಟದಲ್ಲಿ ಮನಮಾಯಾಳ ಊರು. ನಡುವೆ ತೂಗುಸೇತುವೆ.

ಇಬ್ಬರು ಎದುರಾದರೆ ಒಬ್ಬರು ಓರೆಯಾಗಿ ನಿಲ್ಲಬೇಕಾದಷ್ಟು ಕಿರಿದು. ಕಾಲಡಿಯ ಕಬ್ಬಿಣದ ಜಾಲರಿಯಲ್ಲಿ ಹೊಳೆ ಕಾಣುತ್ತದೆ. ಮೇಕೆಗಳು ಅದರ ಮೇಲೆ ನಮ್ಮೂರ ಕೆರೆ ಏರಿಯ ಮೇಲೆ ಹೋದ ಹಾಗೆ ಹೋಗುತ್ತಿದ್ದವು. ನಾನು ಕಣ್ಣು ಮುಚ್ಚಿ, ಯಶುವಿನ ದುಪಟ್ಟದ ತುದಿ ಹಿಡಿದು, ಅವಳು ಎಳೆದಂತೆ ದಾಟಿದೆ. ಆಚೆ ಮುಟ್ಟಿದ ಮೇಲೆ ಕಣ್ಣು ತೆರೆದೆ. ವಾಪಸ್ಸಾಗುವಾಗ ಬೇರೆ ದಾರಿ ಇದೆಯೇ ಎಂದು ಕೇಳಿದೆ. ಇದೆ, ಎರಡು ದಿನದ ನಡಿಗೆ ಎಂದಳು ಮನಮಾಯಾ.

ಹೊಳೆಯಾಚೆಯ ಊರು

ಅವಳ ಮನೆಯಲ್ಲಿ ನಮಗೆ ಬಡಿಸಿದ್ದು ಮುದ್ದೆ. ಢಿಂಡೋ ಎನ್ನುತ್ತಾರೆ. ರಾಗಿಗೆ ಅವರ ಹೆಸರು ಕೋದೋ. ಒಲೆಯ ಮೇಲೆ ಹಿಟ್ಟು ತಿರುವುವ ಕೋಲು, ತಿರುವುವ ಭಂಗಿ, ಕೊನೆಗೆ ಒದ್ದೆ ಕೈಯಲ್ಲಿ ತಟ್ಟುವುದು ಎಲ್ಲ ನಮ್ಮ ಹಾಗೆಯೇ. ಅಗಿಯಬೇಡಿ, ನುಂಗಬೇಕು ಎಂದು ಮನಮಾಯಾಳ ಅತ್ತೆ ನಮಗೆ ಹೇಳಿಕೊಡಲು ಬಂದರು. ಅರಸೀಕೆರೆಯವಳಿಗೆ ಮುದ್ದೆ ನುಂಗಲು ಕಲಿಸುವುದೇ ಎಂದು ನಾನು ಒಂದು ತುತ್ತು ಮುರಿದು ಗುಳಕ್ಕನೆ ನುಂಗಿದೆ. ಮನೆಯವರೆಲ್ಲ ಕೈ ತಟ್ಟಿದರು. ಅದೇ ರಾಗಿಯನ್ನು ಹುಳಿ ಬರಿಸಿ, ಬಿಸಿನೀರು ಹೊಯ್ದು, ಬಿದಿರ ಕೊಳವೆಯಲ್ಲಿ ಹೀರುವುದನ್ನೂ ತೋರಿಸಿದರು. ಅದನ್ನು ನಾವು ನಯವಾಗಿ ತಪ್ಪಿಸಿಕೊಂಡೆವು.

ದಾರಿಯುದ್ದಕ್ಕೂ ಹಬ್ಬದ ಆಶೀರ್ವಾದವೆಂದು ಜನರ ಹಣೆ ತುಂಬ ಕೆಂಪು ಬಣ್ಣದಲ್ಲಿ ಕಲಸಿದ ಅಕ್ಕಿ ಮೆತ್ತಿರುವುದನ್ನು ನೋಡಿದ್ದೆ. ಅತ್ತೆ ತಟ್ಟೆ ಹಿಡಿದು ಹತ್ತಿರ ಬಂದಾಗ ನಾನು ಯಶುವಿನ ಮುಂದೆ ಅಡ್ಡ ನಿಂತೆ. ತಟ್ಟೆಯಲ್ಲಿ ಇದ್ದದ್ದು ಬರೀ ಮೊಸರು, ಅಕ್ಕಿ. ತಮ್ಮ ಮನೆಯಲ್ಲಿ ಬಿಳಿಯದನ್ನೇ ಹಚ್ಚುವುದು ಎಂದರು. ಯಶು ನನ್ನನ್ನು ಪಕ್ಕಕ್ಕೆ ಸರಿಸಿ ಹಣೆ ಒಡ್ಡಿದಳು.

ಊರಿನ ಹೆಂಗಸರು ನಡೆಯುತ್ತಲೇ ನೂಲುತ್ತಾರೆ. ಸೊಂಟಕ್ಕೆ ನಾರಿನ ಕಟ್ಟು, ಕೈಯಲ್ಲಿ ಪುಟ್ಟ ಕದಿರು. ನೀರಿಗೆ ಹೋಗುವಾಗ, ಹರಟುವಾಗ ಕದಿರು ತಿರುಗುತ್ತಲೇ ಇರುತ್ತದೆ. ಗಿಡದ ತೊಗಟೆಯನ್ನು ಬೂದಿ ನೀರಿನಲ್ಲಿ ಬೇಯಿಸಿ, ಬಡಿದು, ತೊರೆಯಲ್ಲಿ ತೊಳೆದು, ಬಿಳಿ ಜೇಡಿಮಣ್ಣು ಸವರಿ ಒಣಗಿಸುತ್ತಾರೆ. ಮಣ್ಣಿನಿಂದ ಎಳೆ ಬಿಡಿಬಿಡಿಯಾಗುತ್ತದೆ. ಯಶು ನೂಲಿನ ಒಂದೊಂದೇ ಲಡಿ ಎತ್ತಿ ಮೂಸಿದಳು, ಕರ್ಚೀಫಿಗೆ ಉಜ್ಜಿದಳು. ಒಂದು ಬೂದುಬಣ್ಣಕ್ಕೆ, ಒಂದು ಗೋಧಿ ಬಣ್ಣಕ್ಕೆ, ಒಂದು ಹಳೇ ಬೆಳ್ಳಿಯ ಹಾಗೆ. ಯಾವುದೂ ಗೆರೆ ಬಿಡಲಿಲ್ಲ. ಮೊಣಕೈಗೆ ಕಟ್ಟಿಕೊಂಡ ಎಳೆ ಸಂಜೆಯವರೆಗೂ ಸುಮ್ಮನಿತ್ತು. ಎಷ್ಟೋ ವರ್ಷಗಳ ಮೇಲೆ ಅವಳು ನೂಲಿನ ಕಟ್ಟನ್ನು ಕೆನ್ನೆಗೆ ಒತ್ತಿಕೊಂಡದ್ದನ್ನು ನೋಡಿದೆ. ನನಗೂ ಅಂದು ಸ್ವಲ್ಪ ಸಮಾಧಾನವಾಯಿತು.

ಕಾಡು

ಮರುದಿನ ಬೆಳಿಗ್ಗೆ ತೊಗಟೆ ಸುಲಿಯುವುದನ್ನು ನೋಡಬೇಕೆಂದು ಯಶು ಹೊರಟಳು. ನಾನು ಬೇಡವೆಂದೆ. ದೂರ ನಿಂತು ನೋಡುತ್ತೇನೆ, ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಳು. ತುಂಬುತೋಳಿನ ಅಂಗಿ ಹಾಕಿಸಿದೆ.

ಕಾಡಿನ ನೆಲ ಒದ್ದೆಯಾಗಿತ್ತು. ಗಿಡಗಳು ನನ್ನ ತಲೆಗಿಂತ ಎತ್ತರ, ಎಲೆಯಲ್ಲೂ ಕಾಂಡದಲ್ಲೂ ಬಿಳಿ ಮುಳ್ಳು. "ನಮ್ಮ ಬಿಕ್ಕೋಡಿನ ತುರಚೀನೇ ಕಣಕ್ಕ, ಇಲ್ಲಿ ಆಳೆತ್ತರ ಬೆಳ್ದೈತೆ ಅಷ್ಟೆ" ಎಂದಳು. ಹೆಂಗಸರು ಕೈಗೆ ಬಟ್ಟೆ ಸುತ್ತಿಕೊಂಡು ಕಾಂಡ ಕಡಿದು, ಹಲ್ಲಿನಲ್ಲಿ ಕಚ್ಚಿ ತೊಗಟೆ ಸೀಳುತ್ತಿದ್ದರು. ಅವಳು ನಿಜವಾಗಿಯೂ ದೂರವೇ ನಿಂತಿದ್ದಳು. ಹಿಂದಿರುಗಲು ತಿರುಗಿದಾಗ ಕಾಲು ಜಾರಿತು. ಇಳಿಜಾರಿನಲ್ಲಿ ಉರುಳಿ ಪಕ್ಕದ ಮೆಳೆಯೊಳಗೆ ಬಿದ್ದಳು. ಕೈ, ಕುತ್ತಿಗೆ, ಕೆನ್ನೆ ಎಲ್ಲ ಗಿಡದೊಳಗೆ.

ಹೆಂಗಸರು ಎಳೆದು ತೆಗೆದರು. ಅವರಿಗೆ ಇದು ದಿನದ ಮಾತು. ನಗುತ್ತಲೇ ಯಾವುದೋ ಘಾಟು ವಾಸನೆಯ ಸೊಪ್ಪು ಹಿಂಡಿ ರಸ ಹಚ್ಚಿದರು. ಯಶುವೂ ನಗಲು ನೋಡಿದಳು. ಉರಿಯುತ್ತಿದೆ, ಅಷ್ಟೇ, ನೀನು ಮುಖ ಹಾಗೆ ಮಾಡಬೇಡ ಎಂದಳು. ನಾನು ಚೀಲದಿಂದ ಅವಳ ಮಾತ್ರೆ ಹುಡುಕುತ್ತಿದ್ದೆ. ತಲೆ ಎತ್ತಿದಾಗ ಅವಳ ಕೆಳತುಟಿ ಒಂದು ಕಡೆಗೆ ದಪ್ಪಗಾಗಿತ್ತು. ಕಣ್ಣ ರೆಪ್ಪೆ ಜೋಲುತ್ತಿತ್ತು. ಅವಳು ಎರಡು ಕೈಯಲ್ಲೂ ತನ್ನ ಕುತ್ತಿಗೆ ಹಿಡಿದುಕೊಂಡಳು.

"ಅಕ್ಕ, ನಾಲಿಗೆ ದಪ್ಪ ಆಗೈತೆ" ಎಂದಳು. ಆ ದನಿ ಅವಳದಾಗಿರಲಿಲ್ಲ.

ಮಾತ್ರೆ ಬಾಯಿಗೆ ಹಾಕಿದರೆ ನುಂಗಲಾಗಲಿಲ್ಲ. ನಗುತ್ತಿದ್ದ ಹೆಂಗಸರೆಲ್ಲ ಬಗ್ಗಿ ಅವಳ ಮುಖ ನೋಡಿದರು. ತುರಚಿಗೆ ಹೀಗಾಗುವುದನ್ನು ಅವರು ಯಾರೂ ನೋಡಿರಲಿಲ್ಲ. ನಾನು ಮನಮಾಯಾಳ ಕೈ ಹಿಡಿದು, ಉಸಿರು ನಿಲ್ಲುತ್ತದೆ, ಡಾಕ್ಟರು ಬೇಕು ಎಂದೆ. ಹೊಳೆಯ ಆ ದಡದ ಹೆಲ್ತ್ ಪೋಸ್ಟ್ ಒಂದೇ ಇರುವುದು, ಆದರೆ ಹಬ್ಬ, ಯಾರಾದರೂ ಇರುತ್ತಾರೋ ಇಲ್ಲವೋ ಗೊತ್ತಿಲ್ಲ ಎಂದಳು. ಹೇಳುತ್ತಲೇ ತೊಗಟೆ ತುಂಬಿದ್ದ ಬೆತ್ತದ ಬುಟ್ಟಿಯನ್ನು ಬೋರಲು ಹಾಕಿ ಖಾಲಿ ಮಾಡಿ, ಅದರೊಳಗೆ ತನ್ನ ಶಾಲು ಹಾಸಿದಳು. ಯಶುವನ್ನು ಅದರಲ್ಲಿ ಕೂರಿಸಿ, ಬುಟ್ಟಿ ಹೊರುವ ಪಟ್ಟಿಯನ್ನು ಹಣೆಗೆ ಕೊಟ್ಟು, ಬೆನ್ನ ಮೇಲೆ ಹೊತ್ತು ಎದ್ದಳು.

ಸೇತುವೆ

ಆ ಬುಟ್ಟಿಯಲ್ಲಿ ಕೂತವರ ಮುಖ ಹಿಂದಕ್ಕಿರುತ್ತದೆ. ಹಾಗಾಗಿ ಇಳಿಜಾರಿನುದ್ದಕ್ಕೂ ಯಶು ನನ್ನನ್ನೇ ನೋಡುತ್ತಿದ್ದಳು, ನಾನು ಅವಳನ್ನು. ಇನ್ನೊಬ್ಬಾಕೆ ಮುಂದೆ ಓಡಿ ಸುದ್ದಿ ಮುಟ್ಟಿಸಲು ಹೋಗಿದ್ದಳು. ಮನಮಾಯಾ ಓಡಲಿಲ್ಲ. ಒಂದೇ ಸಮನೆ ಹೆಜ್ಜೆ ಹಾಕುತ್ತಿದ್ದಳು. ಅದು ನಿಧಾನವೆನ್ನಿಸಿ ನನಗೆ ಅಳು ಬರುತ್ತಿತ್ತು.

ಸೇತುವೆಯ ಬಾಯಿಗೆ ಬಂದಾಗ ಯಶುವಿನ ಕಣ್ಣು ಗೆರೆಯಷ್ಟೇ ಕಾಣುತ್ತಿತ್ತು. ಉಸಿರು ಎಳೆದಾಗ ಸಣ್ಣ ಸೀಟಿಯಂಥ ಸದ್ದು. ಮನಮಾಯಾ ನಿಲ್ಲದೆ ಜಾಲರಿಯ ಮೇಲೆ ಕಾಲಿಟ್ಟಳು. ನಾನೂ ಇಟ್ಟೆ. ಗಾಳಿಗೆ ಸೇತುವೆ ಓಲಾಡಿತು, ಬುಟ್ಟಿಯೂ ಓಲಾಡಿತು. ನನಗೆ ಕಣ್ಣು ಮುಚ್ಚಬೇಕೆನ್ನಿಸಿತು. ಮುಚ್ಚಿದರೆ, ತೆರೆಯುವಷ್ಟರಲ್ಲಿ ಅವಳು ಇರುವುದಿಲ್ಲ ಎಂಬ ಭಯ ಹೊಳೆಯ ಭಯಕ್ಕಿಂತ ದೊಡ್ಡದಾಗಿತ್ತು. ತೆರೆದೇ ನಡೆದೆ.

ಅವಳ ತಲೆ ಪಕ್ಕಕ್ಕೆ ವಾಲತೊಡಗಿತು. ಏನಾದರೂ ಮಾತಾಡಿ ಎಚ್ಚರದಲ್ಲಿಡಬೇಕು. ಬಾಯಿಗೆ ಬಂದದ್ದು ಬಸ್ಸಿನ ದಾರಿ. "ಯಶು, ಇಲ್ಲಿ ನೋಡೆ. ಅರಸೀಕೆರೆ ಸ್ಟ್ಯಾಂಡು ಬಿಟ್ವಿ. ಜಾವಗಲ್ ಬಂತು, ಸಂತೆ ಐತೆ, ಬಸ್ಸು ನಿಂತೈತೆ. ಈಗ ಹಳೇಬೀಡು, ಕೆರೆ ಕಾಣ್ತೈತೆ ನೋಡು. ನಿಮ್ಮೂರು ಇನ್ನೇನು ಬಂತು, ಇಳಿಬೇಕು, ಮಲಗ್ಬೇಡ" ಎಂದೆ. ಬೇಲೂರು ತಲುಪಿದರೂ ಸೇತುವೆ ಮುಗಿದಿರಲಿಲ್ಲ. ಮತ್ತೆ ಅರಸೀಕೆರೆಯಿಂದ ಶುರು ಮಾಡಿದೆ. ಅವಳು ಬುಟ್ಟಿಯ ಅಂಚಿನ ಮೇಲೆ ಒಂದು ಬೆರಳನ್ನು ಎತ್ತಿ ಇಳಿಸಿದಳು. ಕೇಳಿಸುತ್ತಿದೆ ಎಂದು.

ಹೆಲ್ತ್ ಪೋಸ್ಟು

ಬಾಗಿಲು ತೆರೆದಿತ್ತು. ಹಬ್ಬಕ್ಕೆ ಊರಿಗೆ ಹೋಗದೆ ಉಳಿದಿದ್ದ ಸಬಿತಾ ಎಂಬ ಹೆಲ್ತ್ ಅಸಿಸ್ಟೆಂಟ್ ಸಿರಿಂಜು ಸಿದ್ಧ ಮಾಡಿಕೊಂಡೇ ನಿಂತಿದ್ದಳು. ಯಶುವನ್ನು ಬುಟ್ಟಿಯಿಂದ ಇಳಿಸುವ ಮೊದಲೇ ಬಟ್ಟೆಯ ಮೇಲಿಂದಲೇ ತೊಡೆಗೆ ಇಂಜೆಕ್ಷನ್ ಚುಚ್ಚಿದಳು. ಮಲಗಿಸಿ ಕಾಲು ಎತ್ತರ ಮಾಡಿ ಆಕ್ಸಿಜನ್ ಹಾಕಿದಳು. ನಾವು ಕಾದೆವು. ಸೀಟಿಯ ಸದ್ದು ಹಾಗೆಯೇ ಇತ್ತು. ಇನ್ನೊಂದು ಇಂಜೆಕ್ಷನ್ ಕೊಟ್ಟಳು. ನಾನು ಗೋಡೆಗೆ ಒರಗಿ ಬುದ್ಧಂ ಶರಣಂ ಎಂದು ಹೇಳಲು ಹೋದೆ, ಮೂರು ಸಾಲಿನಲ್ಲಿ ಎರಡನೆಯದು ಮರೆತುಹೋಯಿತು.

ಆಮೇಲೆ ಯಶು ಕೆಮ್ಮಿದಳು. ಕೆಮ್ಮಿ, ಉದ್ದಕ್ಕೆ ಒಂದು ಉಸಿರು ಎಳೆದುಕೊಂಡಳು. ಅದರಲ್ಲಿ ಸೀಟಿ ಇರಲಿಲ್ಲ. ಮನಮಾಯಾ ಅದುವರೆಗೂ ಹಣೆಯ ಪಟ್ಟಿ ಬಿಚ್ಚದೆ ನಿಂತಿದ್ದಳು. ಈಗ ನೆಲದ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡಳು.

ಮಾರನೆಯ ದಿನದವರೆಗೆ ಅಲ್ಲೇ ಉಳಿಸಿಕೊಂಡರು. ಊತ ಇಳಿದ ಮೇಲೆ ಮನಮಾಯಾ ನೂಲಿನ ಲಡಿಗಳನ್ನು ತಂದಳು, ಜೇಡಿಮಣ್ಣೂ ಉಳಿಯದ ಹಾಗೆ ಮತ್ತೆ ಮತ್ತೆ ತೊಳೆದಂಥವು. ಕೊಡಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಳು. ನಾನು ಬೇಡವೆಂದು ತಲೆಯಾಡಿಸಿದೆ. ಯಶು ಕೈ ಚಾಚಿದಳು, ಆಗುವುದಿದ್ದರೆ ಇಂಜೆಕ್ಷನ್ ಇರುವ ಕಡೆಯೇ ಆಗಲಿ ಎಂದಳು. ಸಬಿತಾ ತಡೆದಳು. ಮೈಯಲ್ಲಿ ಈಗ ಔಷಧಿ ಇದೆ, ಈಗ ಏನೂ ಆಗದಿದ್ದರೆ ಅದನ್ನು ನಂಬುವ ಹಾಗಿಲ್ಲ, ನಿಮ್ಮ ಡಾಕ್ಟರ ಎದುರಿಗೇ ನೋಡಿಕೊಳ್ಳಿ ಎಂದಳು. ಯಶು ಗೋಧಿ ಬಣ್ಣದ ಲಡಿಗಳನ್ನು ಆರಿಸಿ ಪ್ಲಾಸ್ಟಿಕ್ಕಿನಲ್ಲಿ ಗಂಟು ಹಾಕಿಸಿದಳು. ಅದನ್ನು ನನ್ನ ಚೀಲದ ತಳದಲ್ಲಿ ಇಟ್ಟುಕೊಂಡು, ವಿಮಾನದಲ್ಲಿ ಚೀಲವನ್ನು ಅವಳಿಂದ ದೂರ ಇಡಿಸಿದೆ. ಹೊರಡುವಾಗ ಮನಮಾಯಾ ನಮ್ಮೊಡನೆ ಜೀಪಿನವರೆಗೆ ಬಂದಳು. ಅವಳ ಹಣೆಯಲ್ಲಿ ಪಟ್ಟಿಯ ಗುರುತು ಇನ್ನೂ ಕೆಂಪಗಿತ್ತು.

ಬೇಲೂರು

ಹಾಸನದ ಡಾಕ್ಟರು ಎಲ್ಲ ಕೇಳಿ ನನ್ನನ್ನೂ ಬೈದರು, ಅವಳನ್ನೂ ಬೈದರು. ಔಷಧಿ ಮೈಯಿಂದ ಹೋಗಲೆಂದು ಕೆಲವು ವಾರ ಬಿಟ್ಟು, ಆಸ್ಪತ್ರೆಯಲ್ಲೇ ಕೂರಿಸಿಕೊಂಡು ನೂಲನ್ನು ಅವಳ ತೋಳಿಗೆ ಕಟ್ಟಿ ನೋಡಿದರು. ಚರ್ಮ ಕೆಂಪಾಗಲಿಲ್ಲ. ಹಸಿ ಗಿಡ ಜನ್ಮದಲ್ಲಿ ಮುಟ್ಟಕೂಡದು, ಈ ನೂಲು ಪರವಾಗಿಲ್ಲ, ಆದರೂ ಇಂಜೆಕ್ಷನ್ ಸದಾ ಮನೆಯಲ್ಲಿರಲಿ ಎಂದು ಚಂದ್ರುವಿಗೆ ಚುಚ್ಚುವುದನ್ನು ಕಲಿಸಿದರು.

ಎಲ್ಲ ಸರಿಹೋಯಿತು ಎಂದುಕೊಂಡೆ. ಆದರೆ ಗಂಟು ಬಿಚ್ಚಲೇ ಇಲ್ಲ ಎಂದು ಚಂದ್ರು ಫೋನಿನಲ್ಲಿ ಹೇಳಿದ. ಮಗ್ಗದ ಮೇಲೆ ಅರ್ಧ ನೇಯ್ದ ಹತ್ತಿ ಬಟ್ಟೆಯೂ ಹಾಗೆಯೇ ನಿಂತಿತ್ತು. ಒಂದು ಭಾನುವಾರ ಬೇಲೂರಿಗೆ ಹೋದೆ. ಯಶು ನಡುಮನೆಯಲ್ಲಿ ಸುಮ್ಮನೆ ಕೂತಿದ್ದಳು. ಕೇಳಿದ್ದಕ್ಕೆ, "ಕೈಗೇನೂ ಆಗಲ್ಲ ಅಂತ ಗೊತ್ತೈತೆ ಕಣಕ್ಕ. ಮುಟ್ಟಕ್ಕೋದ್ರೆ ಗಂಟಲು ಕಟ್ಟಿದಂಗಾಯ್ತದೆ. ನಂಗೆ ಭಯ" ಎಂದಳು. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ನಾನು ಆ ಮಾತು ಕೇಳಿರಲಿಲ್ಲ. ಭಯಪಡಬೇಡ ಎನ್ನಲು ನಾನು ಯಾರು.

ನಾನೇ ಗಂಟು ಬಿಚ್ಚಿದೆ. ಒಂದು ಲಡಿಯನ್ನು ನನ್ನ ಎರಡೂ ಮುಂಗೈಗೆ ಹಾಕಿಕೊಂಡು ಅವಳ ಎದುರಿಗೆ ಕೂತೆ. ಲಡಿಯನ್ನು ಉಂಡೆ ಸುತ್ತಲು ಇಬ್ಬರು ಬೇಕು, ಒಬ್ಬರು ಹಿಡಿಯಬೇಕು, ಇನ್ನೊಬ್ಬರು ಸುತ್ತಬೇಕು. ಚಂದ್ರು ಇಂಜೆಕ್ಷನ್ ಡಬ್ಬಿಯನ್ನು ತಂದು ಮೇಜಿನ ಮೇಲಿಟ್ಟು ಪಕ್ಕದಲ್ಲಿ ನಿಂತ. ಯಶು ಬಗ್ಗಿ ನೂಲನ್ನು ಮೂಸಿದಳು. ಆಮೇಲೆ ತುದಿ ಹಿಡಿದು ಎಳೆದಳು. ಮೊದಲ ಸುತ್ತು ಸಡಿಲವಾಯಿತು, ಬಿಚ್ಚಿ ಮತ್ತೆ ಸುತ್ತಿದಳು. ಎಳೆ ನನ್ನ ಕೈಯಿಂದ ಅವಳ ಕೈಗೆ ಹೋಗುತ್ತಿತ್ತು. ಅವಳ ಕಣ್ಣು ಉಂಡೆಯ ಮೇಲಿತ್ತು. ಲಡಿ ಮುಗಿದು ನನ್ನ ಕೈ ಬರಿದಾಗುವವರೆಗೂ ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ.